ಹುಲ್ಲಿನ ಉಂಗುರ ಮತ್ತು ತಲೆಬುರುಡೆಯ ಓಲೆ

ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಅಂಗಡಿ ಬೀದಿಗಳಲ್ಲಿ ಕೈಯಿಂದ ಮಾಡಿದ ಆಭರಣಗಳಿಗೆ ಈಗ ಒಳ್ಳೆಯ ಬೇಡಿಕೆಯಿದೆ. ಸುಟ್ಟ ಮಣ್ಣಿನ ಜುಮುಕಿ, ಬೀಜದ ಸರ, ಚನ್ನಪಟ್ಟಣದ ಅರಗಿನ ಬಳೆ, ಒಣಹೂವನ್ನು ಗಾಜಿನಂತಹ ಅಂಟಿನಲ್ಲಿ ಹುದುಗಿಸಿದ ಪದಕ, ಎಲ್ಲವೂ ಒಂದೇ ಮೇಜಿನ ಮೇಲೆ ದೊರೆಯುತ್ತವೆ. ಅವುಗಳ ನಡುವೆ ಹೂವಿನ ಕಣ್ಣುಗಳುಳ್ಳ, ಬಣ್ಣಬಣ್ಣದ ತಲೆಬುರುಡೆಯ ಓಲೆಗಳೂ ಬಂದು ಕುಳಿತಿವೆ. ಇವು ಮೆಕ್ಸಿಕೋ ದೇಶದ ‘ಮೃತರ ದಿನ’ದಿಂದ ಬಂದವು. ‘ಪ್ರಕೃತಿಸ್ನೇಹಿ’, ‘ಋತುಗಳಿಂದ ಪ್ರೇರಿತ’ ಎಂಬ ಚೀಟಿ ಹೊತ್ತ ಇಂತಹ ವಸ್ತುಗಳ ಬಗೆಗೆ ಗುಡ್ಡಗಾಡಿನ ನಾವು ಏಕೆ ಯೋಚಿಸಬೇಕು? ಆ ಬೀಜ, ಆ ಮರ, ಆ ಅರಗು ಯಾವುದೋ ಕಾಡಿನಿಂದ, ಯಾವುದೋ ಬಯಲಿನಿಂದ ಹೋದದ್ದು ಎಂಬ ಕಾರಣಕ್ಕೆ.

ಮೊದಲು ಮೆಕ್ಸಿಕೋದ ಹಬ್ಬವನ್ನು ಸರಿಯಾಗಿ ಅರಿಯೋಣ. ಪ್ರತಿವರ್ಷ ನವೆಂಬರ್ 1 ಮತ್ತು 2ರಂದು ಅಲ್ಲಿನ ಜನರು ತೀರಿಕೊಂಡವರನ್ನು ಮನೆಗೆ ಕರೆಯುತ್ತಾರೆ. ಮೊದಲ ದಿನ ಮಕ್ಕಳನ್ನು, ಎರಡನೆಯ ದಿನ ಹಿರಿಯರನ್ನು. ಜೋಳದ ಕೊಯ್ಲು ಮುಗಿಯುವ ಕಾಲವದು. ಉತ್ತರ ಅಮೆರಿಕದಿಂದ ಮೊನಾರ್ಕ್ ಚಿಟ್ಟೆಗಳು ಮಿಚೊವಾಕಾನ್ ಪ್ರಾಂತ್ಯದ ಕಾಡುಗಳಿಗೆ ಬಂದಿಳಿಯುವ ಕಾಲವೂ ಅದೇ. ಮನೆಯ ಎಡೆಯಲ್ಲಿ ಸಕ್ಕರೆಯಲ್ಲಿ ಅಚ್ಚು ಹಾಕಿದ ತಲೆಬುರುಡೆ, ಕತ್ತರಿಸಿದ ತೆಳುಕಾಗದದ ತೋರಣ, ರೊಟ್ಟಿ, ನೀರು, ರಾಶಿ ರಾಶಿ ಚೆಂಡುಹೂವು. ಸಕ್ಕರೆ ಕರಗುತ್ತದೆ, ಕಾಗದ ಹರಿಯುತ್ತದೆ, ಹೂವು ಬಾಡುತ್ತದೆ. ಸಾವನ್ನು ನೆನೆಯುವ ಹಬ್ಬದ ಅಲಂಕಾರವೂ ಸಾಯುವಂಥದ್ದೇ ಆಗಿರುವುದು ಅದರ ಹಿರಿಮೆ. ಯುನೆಸ್ಕೋ ಸಂಸ್ಥೆ 2008ರಲ್ಲಿ ಈ ಆಚರಣೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಹಬ್ಬದೊಡನೆ ಇಂದು ಎಲ್ಲೆಡೆ ಕಾಣುವ, ದೊಡ್ಡ ಹ್ಯಾಟು ತೊಟ್ಟ ಅಸ್ಥಿಪಂಜರದ ಹೆಂಗಸು ಮೂಲತಃ ಒಂದು ವ್ಯಂಗ್ಯಚಿತ್ರ. 1913ರಲ್ಲಿ ತೀರಿಕೊಂಡ ಮುದ್ರಣ ಕಲಾವಿದ ಹೊಸೆ ಗ್ವಾದಲೂಪೆ ಪೊಸಾದಾ ಅದನ್ನು ಕೊರೆದವನು. ತಮ್ಮ ನೆಲದ ರೂಢಿಗಳನ್ನು ತೊರೆದು ಯೂರೋಪಿನ ಉಡುಗೆಯಲ್ಲಿ ಮೆರೆಯುತ್ತಿದ್ದವರನ್ನು ಅವನು ಹಾಗೆ ಗೇಲಿ ಮಾಡಿದ್ದನು. ಹ್ಯಾಟು ಎಷ್ಟೇ ದೊಡ್ಡದಿರಲಿ, ಕೆಳಗಿರುವುದು ಎಲುಬೇ ಎಂಬುದು ಚಿತ್ರದ ಮಾತು. ಮುಂದೆ 1947ರಲ್ಲಿ ದಿಯೆಗೋ ರಿವೇರಾ ತನ್ನ ಭಿತ್ತಿಚಿತ್ರದಲ್ಲಿ ಅವಳಿಗೆ ಪೂರ್ಣ ಉಡುಪು ತೊಡಿಸಿದನು. ಅನ್ಯರ ಅನುಕರಣೆಯನ್ನು ಹೀಯಾಳಿಸಲು ಹುಟ್ಟಿದ ಆ ಆಕೃತಿಯನ್ನು ಇಂದು ನಾವು ಅನುಕರಣೆಗಾಗಿಯೇ ಕಿವಿಗೆ ತೂಗುಹಾಕಿಕೊಳ್ಳುತ್ತಿದ್ದೇವೆ! 2013ರಲ್ಲಿ ಡಿಸ್ನಿ ಸಂಸ್ಥೆ ಈ ಹಬ್ಬದ ಹೆಸರನ್ನೇ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಲು ಹೊರಟು, ಪ್ರತಿಭಟನೆಯ ನಂತರ ಹಿಂದೆ ಸರಿಯಿತು. ಹಬ್ಬವು ಸರಕಾಗುವ ಬಗೆ ಇದು.

ಪರದೇಶದ ವಸ್ತುವನ್ನು ಧರಿಸಬಾರದೆಂದು ನಮ್ಮ ವಾದವಲ್ಲ. ಹಾಗೆ ಹೇಳಿದರೆ ಚೆಂಡುಹೂವನ್ನೂ ತೊರೆಯಬೇಕಾದೀತು. ಅದರ ಮೂಲನೆಲೆ ಮೆಕ್ಸಿಕೋ. ಇಂದು ನಮ್ಮ ಆಯುಧಪೂಜೆ, ದೀಪಾವಳಿಗಳು ಅದಿಲ್ಲದೆ ನಡೆಯವು. ಗುಂಡ್ಲುಪೇಟೆಯ ಹೊಲಗಳಲ್ಲಿ ಅದು ಬೆಳೆಯಾಗಿದೆ. ಆದರೆ ಹೂವು ಬಂದದ್ದು ಬೀಜವಾಗಿ. ಇಲ್ಲಿನ ಮಣ್ಣಿನಲ್ಲಿ ಬೇರುಬಿಟ್ಟು, ಇಲ್ಲಿನ ಮಳೆಗೆ ಹೊಂದಿಕೊಂಡು ನಮ್ಮದಾಯಿತು. ತಲೆಬುರುಡೆಯ ಓಲೆ ಬಂದಿರುವುದು ಅಚ್ಚಾಗಿ ಮಾತ್ರ. ಅದರ ಸಕ್ಕರೆ, ಕಾಗದ, ಕೊಯ್ಲು, ಎಡೆಗಳನ್ನು ಅಲ್ಲಿಯೇ ಬಿಟ್ಟು, ಕರಗದ ಪ್ಲಾಸ್ಟಿಕ್ಕನ್ನು ತುಂಬಿಕೊಂಡು ಬಂದಿದೆ.

ನಮ್ಮಲ್ಲಿ ಮೃತರ ದಿನವಿಲ್ಲವೇ? ಭಾದ್ರಪದ ಬಹುಳದ ಹದಿನೈದು ದಿನಗಳು ಹಿರಿಯರವು. ಮಹಾಲಯ ಅಮಾವಾಸ್ಯೆಗೆ ಸರ್ಕಾರದ ರಜೆಯೂ ಉಂಟು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಹೊಸ ಬಟ್ಟೆಯಿಟ್ಟು, ಸತ್ತವರಿಗೆ ಪ್ರಿಯವಾಗಿದ್ದ ಅಡುಗೆಯನ್ನೇ ಎಡೆಗೆ ಬಡಿಸುತ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವ ಪದ್ಧತಿಯಿದೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಇವೆಲ್ಲವೂ ಋತುವಿನ ಲೆಕ್ಕಕ್ಕೆ ಕಟ್ಟಿಕೊಂಡ ಆಚರಣೆಗಳು.

ಈ ದಿನಗಳಿಗೆಂದೇ ಕೈಯಿಂದ ಮಾಡುವ ಒಂದು ಆಭರಣವೂ ನಮ್ಮಲ್ಲಿದೆ. ಅದು ದರ್ಭೆಯ ಪವಿತ್ರ. ಕೆಲವು ಎಳೆ ಹುಲ್ಲನ್ನು ಹೊಸೆದು, ಮಡಿಸಿ, ಗಂಟು ಹಾಕಿ ಬಲಗೈಯ ಉಂಗುರದ ಬೆರಳಿಗೆ ತೊಡುತ್ತಾರೆ. ಎಳೆಗಳ ಲೆಕ್ಕ ಕರ್ಮಕ್ಕೆ ತಕ್ಕಂತೆ, ಸಂಪ್ರದಾಯಕ್ಕೆ ತಕ್ಕಂತೆ ಬದಲಾಗುತ್ತದೆ. ಎಳ್ಳುನೀರು ಬಿಟ್ಟಾದ ಮೇಲೆ ಗಂಟು ಬಿಚ್ಚಿ ಹುಲ್ಲನ್ನು ವಿಸರ್ಜಿಸುತ್ತಾರೆ. ಉಂಗುರದ ಆಯುಷ್ಯ ಅಷ್ಟೇ. ವರ್ಷಕ್ಕಾಗುವ ದರ್ಭೆಯನ್ನು ಶ್ರಾವಣದ ಕೊನೆಯ ಅಮಾವಾಸ್ಯೆಯಂದು ಕೊಯ್ಯಬೇಕೆಂಬ ನಿಯಮವಿದೆ. ಮಳೆಯುಂಡ ಹುಲ್ಲು ಬಲಿತು ನಿಂತಿರುವ ಕಾಲವದು. ಸರಿಯಾಗಿ ಒಂದು ತಿಂಗಳಿಗೆ ಮಹಾಲಯ ಬರುತ್ತದೆ. ಈ ಕರ್ಮವು ಎಲ್ಲ ಸಮುದಾಯಗಳದ್ದಲ್ಲ, ಎಲ್ಲರೂ ಅದನ್ನು ಮಾಡಬೇಕೆಂದೂ ಇಲ್ಲ. ಕೊಯ್ಲಿಗೊಂದು ದಿನ, ತೊಡಲೊಂದು ಹೊತ್ತು, ಬಿಡಲೊಂದು ಗಳಿಗೆ ಎಂಬ ಶಿಸ್ತು ಮಾತ್ರ ಎಲ್ಲರೂ ಕಲಿಯತಕ್ಕದ್ದು. ಕಾಸರಗೋಡಿನ ದಕ್ಷಿಣಕ್ಕಿರುವ ಪಯ್ಯನ್ನೂರಿನಲ್ಲಿ ಇದೇ ಗಂಟಿನ ವಿನ್ಯಾಸವನ್ನು ಅಕ್ಕಸಾಲಿಗರು ಚಿನ್ನದಲ್ಲಿ ಮಾಡುತ್ತಾರೆ. ಆ ಪವಿತ್ರದುಂಗುರಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಹುಲ್ಲು ಚಿನ್ನಕ್ಕೇ ಮಾದರಿಯಾದ ಉದಾಹರಣೆಯಿದು.

ಆ ಹುಲ್ಲು ಈಗ ನಗರದಲ್ಲಿ ಎಲ್ಲಿದೆ? ಗ್ರಂಥಿಗೆ ಅಂಗಡಿಯ ಕಟ್ಟಿನಲ್ಲಿ. ಕೆರೆ ಏರಿ, ಹೊಲದ ಬದು, ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಅದಕ್ಕೆ ದಕ್ಷಿಣ ಬೆಂಗಳೂರಿನಲ್ಲಿ ನೆಲೆ ಉಳಿದಿಲ್ಲ. ಬಿ.ಟಿ.ಎಂ. ಎಂಬ ಮೂರಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಸಂಕ್ಷೇಪ. ತಾವರೆಯ ಕೆರೆಯೊಂದು ಅಕ್ಷರವಾಗಿ ಉಳಿಯಿತು. ಎಡೆಯಿಡಬೇಕಾದ ಮೃತರಲ್ಲಿ ಕೆರೆಗಳನ್ನೂ ಸೇರಿಸಬೇಕಾದ ಸ್ಥಿತಿ ಬಂದಿದೆ. ಉಳಿದ ಕೆರೆಗಳ ‘ಅಭಿವೃದ್ಧಿ’ಯಲ್ಲಿಯೂ ಏರಿಗೆ ಕಲ್ಲು ಹೊದಿಸಿ, ಕಾಲುದಾರಿ ಹಾಕಿ, ಅಲಂಕಾರದ ಹುಲ್ಲುಹಾಸು ತಂದು ಹಾಸುವುದೇ ರೂಢಿ. ಸ್ಥಳೀಯ ಹುಲ್ಲು ಕಳೆಯೆನಿಸಿಕೊಂಡಿದೆ. ಮಲೆನಾಡಿನ ಹುಲ್ಲುಗಾವಲುಗಳನ್ನು ‘ಪಾಳು’ ಎಂದು ಕರೆದು ಅಕೇಶಿಯಾ ನೆಟ್ಟ ಮನೋಭಾವವೂ ಇದೇ ಅಲ್ಲವೇ?

ಇನ್ನು ‘ನೈಸರ್ಗಿಕ’ ಎಂಬ ಮಾತು. ಒಣಹೂವನ್ನು ಹುದುಗಿಸುವ ಅಂಟು ಎಪಾಕ್ಸಿ. ಒಮ್ಮೆ ಗಟ್ಟಿಯಾದರೆ ಅದನ್ನು ಮತ್ತೆ ಕರಗಿಸಿ ಬಳಸಲಾಗದು, ಮಣ್ಣೂ ಅದನ್ನು ಜೀರ್ಣಿಸಿಕೊಳ್ಳದು. ಕಲಸುವವರ ಚರ್ಮಕ್ಕೂ ಅದರಿಂದ ಬಾಧೆಯುಂಟು. ಬಾಡುವ ಹಕ್ಕನ್ನೇ ಕಸಿದುಕೊಂಡ ಹೂವಿಗೆ ಋತುವಿನ ಹೆಸರಿಡುವುದು ಸಲ್ಲದು. ಬೀಜಗಳ ವಿಷಯದಲ್ಲಿಯೂ ಎಚ್ಚರ ಬೇಕು. ಒಂದು ಕಾಲಕ್ಕೆ ಚಿನ್ನ ತೂಗಿದ ಗುಲಗಂಜಿ ಚೆಲುವಾದದ್ದು ನಿಜ, ಘೋರ ವಿಷವೂ ಹೌದು. ಬ್ರಿಟನ್ನಿನ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನವೇ 2011ರಲ್ಲಿ ತಾನು ಮಾರಿದ್ದ ಗುಲಗಂಜಿಯ ಕೈಸರಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆನೆಗುಲಗಂಜಿಯಂತಹ ಬೀಜಗಳನ್ನು ಉದುರಿದ ಮೇಲೆ ಆಯ್ದುಕೊಳ್ಳುವುದಕ್ಕೂ, ಕೊಂಬೆ ಕಡಿದು ಮೂಟೆ ಕಟ್ಟುವುದಕ್ಕೂ ಅಜಗಜಾಂತರವಿದೆ.

ಒಳ್ಳೆಯ ಮಾದರಿ ದೂರದಲ್ಲೇನೂ ಇಲ್ಲ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಅಂತರದ ಚನ್ನಪಟ್ಟಣದಲ್ಲಿ ಆಲೆ ಮರದ ಬಿಳಿಯ ತುಂಡನ್ನು ಚರಕಿಯಲ್ಲಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಒಣಗರಿಯಿಂದ ಉಜ್ಜಿದರೆ ಹೊಳಪು. ಅರಗು ಕೀಟದ ಕೊಡುಗೆ. ಮುತ್ತುಗದಂತಹ ಮರಗಳು ಉಳಿದರೆ ಮಾತ್ರ ಕೀಟ ಉಳಿಯುತ್ತದೆ. ಅರಿಸಿನ, ನೀಲಿಗಳ ಬಣ್ಣ ಹಾಕಿದ ಬಳೆಯನ್ನು ಕೊಂಡವನು ಕುಶಲಕರ್ಮಿಯ ಜೊತೆಗೆ ಒಂದು ಮರವನ್ನೂ ಪೋಷಿಸಿದಂತೆ. ಆಲೆ ಮರವನ್ನು ನೆಡದೆ ಕಡಿಯುತ್ತಲೇ ಹೋದರೆ ಈ ಮಾದರಿಯೂ ಮುಗಿಯುತ್ತದೆ.

ಆದುದರಿಂದ ನಮ್ಮ ವಿನಂತಿ ಮೂರು. ಕೊಳ್ಳುವವರು ಬೆಲೆ ಕೇಳುವ ಮೊದಲು ಇದು ಯಾವುದರಿಂದ ಆದದ್ದು, ಯಾವ ತಿಂಗಳು, ಎಲ್ಲಿಂದ ಬಂತು ಎಂದು ಕೇಳಲಿ. ಮಾಡುವವರು ಋತುವಿನ ಹೆಸರಿಡುವುದಾದರೆ ಋತು ಕೊಟ್ಟದ್ದನ್ನೇ, ಕೊಟ್ಟಷ್ಟನ್ನೇ ಬಳಸಲಿ. ಮಾಗಿಯ ಬೀಜ ಮಳೆಗಾಲದಲ್ಲಿ ದೊರೆಯದಿದ್ದರೆ ‘ಇಲ್ಲ’ ಎನ್ನುವ ಧೈರ್ಯ ತೋರಲಿ. ಕೆರೆಗಳ ಹೊಣೆ ಹೊತ್ತವರು ಏರಿಯ ಒಂದು ಪಕ್ಕವನ್ನಾದರೂ ಸ್ಥಳೀಯ ಹುಲ್ಲಿಗೆ ಬಿಟ್ಟುಕೊಡಲಿ. ಮುಂದಿನ ಮಹಾಲಯಕ್ಕೆ ದರ್ಭೆ ಬೇಕಾದವರು ತಮ್ಮ ಬಡಾವಣೆಯ ಕೆರೆಯಂಚಿನಲ್ಲಿಯೇ ನಾಲ್ಕು ಎಳೆ ಕೊಯ್ದು ತರುವಂತಾದರೆ, ಆ ಕೆರೆ ಬದುಕಿದೆ ಎಂದು ನಂಬಬಹುದು.