ಮೈ ಉಜ್ಜುವ ಮೀನಿಗೆ ಔಷಧಿಯ ಬಾಟಲಿ ಉತ್ತರವಲ್ಲ

ಜರಗನಹಳ್ಳಿ ಒಂದು ಕಾಲಕ್ಕೆ ಸಾರಕ್ಕಿ ಕೆರೆಯ ಮಗ್ಗುಲಿನ ಹಳ್ಳಿ. ಇಂದು ಕನಕಪುರ ರಸ್ತೆಯ ಅಂಚಿನಲ್ಲಿ ಬೆಂಗಳೂರಿನೊಳಗೆ ಸೇರಿಹೋದ ಬಡಾವಣೆ. ಅಲ್ಲಿನ ಮನೆಯೊಂದರ ಗಾಜಿನ ತೊಟ್ಟಿಗೂ ಮಲೆನಾಡಿನ ಹೊಳೆಗೂ ಏನು ಸಂಬಂಧವೆಂದು ತೀರ್ಥಹಳ್ಳಿಯ ಕಡೆಯ ಓದುಗರು ಕೇಳಬಹುದು. ಸಂಬಂಧ ಎರಡು ಬಗೆಯದು. ಆ ಬಡಾವಣೆಯ ನಲ್ಲಿಗೆ ಬರುವುದು ಕೊಡಗಿನಲ್ಲಿ ಹುಟ್ಟಿದ ಕಾವೇರಿ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಕ್ಲೋರಿನ್ ಬೆರೆಸಿ, ಸುಮಾರು 100 ಕಿಲೋಮೀಟರ್ ದೂರದಿಂದ ಎತ್ತಿ ತಂದ ನೀರು. ಆ ನೀರಿನಲ್ಲಿ ಈಜಲು ಬಿಡುವ ಅಲಂಕಾರಿಕ ಮೀನುಗಳಲ್ಲಿ ಕೆಲವು ಸಹ್ಯಾದ್ರಿಯ ಹೊಳೆಗಳವು. ಜೀಬ್ರಾ ಲೋಚ್ ಎಂದು ವ್ಯಾಪಾರದಲ್ಲಿ ಹೆಸರಾದ ಪಟ್ಟೆಪಟ್ಟೆಯ ಪುಟ್ಟ ಮೀನನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಬೋಟಿಯಾ ಸ್ಟ್ರಯೇಟಾ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಯಿಸಿದರು. ಅವರಿಗೆ ಅದು ದೊರೆತದ್ದು ತೀರ್ಥಹಳ್ಳಿಯ ತುಂಗೆಯಲ್ಲಿ. ಇಂದು ಅದು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ.

ಇಂಥ ಮೀನೊಂದು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುತ್ತದೆ. ಎರಡನೆಯ ದಿನ ಅದು ತೊಟ್ಟಿಯ ತಳದ ಕಲ್ಲಿಗೆ ಮೈ ಉಜ್ಜತೊಡಗುತ್ತದೆ. ಥಟ್ಟನೆ ಓರೆಯಾಗಿ ಹಾರಿ, ಮರಳಿಗೆ ಪಕ್ಕೆ ಸವರಿ ಓಡುತ್ತದೆ. ಮನೆಯವರು ಅಂಗಡಿಗೆ ಓಡುತ್ತಾರೆ. ಅಂಗಡಿಯಲ್ಲಿ ಬಹುಪಾಲು ಸಿಗುವ ಉತ್ತರ ಒಂದೇ: ನೀಲಿಯೋ ಹಸಿರೋ ಬಣ್ಣದ ಔಷಧಿಯ ಒಂದು ಬಾಟಲಿ. ಮೀನನ್ನು ಯಾರೂ ನೋಡಿರುವುದಿಲ್ಲ. ನೀರನ್ನು ಯಾರೂ ಪರೀಕ್ಷಿಸಿರುವುದಿಲ್ಲ. ರೋಗವನ್ನು ಗುರುತಿಸುವ ಮೊದಲೇ ಚಿಕಿತ್ಸೆಯನ್ನು ಮಾರುವ ಈ ಪದ್ಧತಿಗೆ ವೈದ್ಯವೆಂಬ ಹೆಸರು ಒಪ್ಪುವುದಿಲ್ಲ. ಇದು ವ್ಯಾಪಾರದ ಸೋಮಾರಿತನ. ಇದರ ಬೆಲೆಯನ್ನು ಕೊನೆಗೆ ತೆರುವುದು ಹೊಳೆ.

ಮೈ ಉಜ್ಜುವುದು ಒಂದು ಲಕ್ಷಣ ಮಾತ್ರ, ಅದೇ ರೋಗವಲ್ಲ. ಚರ್ಮಕ್ಕೂ ಕಿವಿರಿಗೂ ಏನೋ ಉರಿಯುತ್ತಿದೆ ಎಂಬಷ್ಟನ್ನೇ ಅದು ಹೇಳುತ್ತದೆ. ಆ ಉರಿ ಪರೋಪಜೀವಿಯಿಂದ ಬಂದಿರಬಹುದು, ನೀರಿನಿಂದಲೂ ಬಂದಿರಬಹುದು. ಹೊಸ ತೊಟ್ಟಿಯಲ್ಲಿ ಮೊದಲು ಶಂಕಿಸಬೇಕಾದದ್ದು ನೀರನ್ನೇ. ನಲ್ಲಿಯ ನೀರನ್ನು ಹಾಗೆಯೇ ಸುರಿದರೆ ಅದರ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಹೊಸ ಸೋಸುಯಂತ್ರದಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ತನ್ನ ವಿಷದಲ್ಲೇ ಈಜುತ್ತಿರುತ್ತದೆ. ಪ್ರಯಾಣದ ಚೀಲದಲ್ಲಿಯೂ ಅಮೋನಿಯಾ ಕೂಡಿರುತ್ತದೆ, ಆದರೆ ಅಲ್ಲಿನ ನೀರು ಆಮ್ಲೀಯವಾಗುವುದರಿಂದ ಅದರ ತೀಕ್ಷ್ಣತೆ ಅಡಗಿರುತ್ತದೆ. ಅದೇ ನೀರು ಕ್ಷಾರಗುಣದ ಕೊಳವೆಬಾವಿ ನೀರಿನೊಡನೆ ಬೆರೆತಾಗ ಅಡಗಿದ ವಿಷ ಎಚ್ಚರಗೊಳ್ಳುತ್ತದೆ. ಈ ಉರಿಗಳಲ್ಲಿ ಯಾವುದಕ್ಕೂ ಬಾಟಲಿಯಲ್ಲಿ ಪರಿಹಾರವಿಲ್ಲ. ಈಗಾಗಲೇ ಸುಟ್ಟ ಕಿವಿರಿನ ಮೇಲೆ ಔಷಧಿ ಇನ್ನೊಂದು ಹೊರೆಯಾಗುತ್ತದೆ; ಫಾರ್ಮಲಿನ್‌ನಂಥದು ನೀರಿನ ಆಮ್ಲಜನಕವನ್ನೂ ಕುಗ್ಗಿಸುತ್ತದೆ.

ಹಾಗಾದರೆ ಗುರುತಿಸುವ ಬಗೆ ಯಾವುದು? ಮೂರು ಪ್ರಶ್ನೆಗಳು ಸಾಕು. ಮೊದಲನೆಯದು, ಯಾವಾಗ ಆರಂಭವಾಯಿತು? ನೀರು ಬದಲಿಸಿದ ಅಥವಾ ಮೀನು ಬಿಟ್ಟ ಕೆಲವೇ ಗಂಟೆಗಳಲ್ಲಿ ಆರಂಭವಾದರೆ ನೀರಿನ ಮೇಲೆ ಅನುಮಾನ. ದಿನದಿಂದ ದಿನಕ್ಕೆ ಹೆಚ್ಚುತ್ತ ಹೋದರೆ ಪರೋಪಜೀವಿಯ ಮೇಲೆ. ಎರಡನೆಯದು, ಯಾರಿಗೆ? ತೊಟ್ಟಿಯ ಎಲ್ಲ ಜಾತಿಯ ಮೀನುಗಳೂ ಒಮ್ಮೆಗೇ ಚಡಪಡಿಸಿದರೆ ನೀರು. ಒಂದೆರಡರಿಂದ ಆರಂಭವಾಗಿ ಉಳಿದವಕ್ಕೆ ಹರಡಿದರೆ ಸೋಂಕು. ಮೂರನೆಯದು, ಕಣ್ಣಿಗೆ ಏನು ಕಾಣುತ್ತದೆ? ಮೈಮೇಲೆ ಉಪ್ಪಿನ ಹರಳಿನಂಥ ಬಿಳಿಯ ಚುಕ್ಕೆಗಳಿದ್ದರೆ ಅದು ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶಜೀವಿ ತರುವ ಬಿಳಿಚುಕ್ಕೆ ರೋಗ. ಕತ್ತಲಲ್ಲಿ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದಾಗ ಚಿನ್ನದ ಪುಡಿ ಉದುರಿಸಿದಂತೆ ಕಂಡರೆ ಅದು ಬೇರೆಯದೇ ರೋಗ. ನೂಲಿನ ತುಂಡಿನಂತೆ ಹೊರಚಾಚಿದ ಲಂಗರು ಹುಳು, ಚಪ್ಪಟೆಯಾಗಿ ಅಂಟಿದ ಮೀನಿನ ಹೇನು, ಇವೆರಡೂ ಬರಿಗಣ್ಣಿಗೇ ಕಾಣುತ್ತವೆ. ಮೈಮೇಲೆ ಬೂದುಬಣ್ಣದ ಲೋಳೆ, ಏದುಸಿರು, ಮುಚ್ಚಿಕೊಂಡ ಒಂದು ಕಿವಿರು ಇಷ್ಟೇ ಕಂಡರೆ ಸೂಕ್ಷ್ಮದರ್ಶಕವಿಲ್ಲದೆ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ.

ಬಿಳಿಚುಕ್ಕೆಯೇ ಎಂದು ಖಚಿತವಾದ ಮೇಲೂ ಬಾಟಲಿಯ ಮೇಲಿನ ಕುರುಡು ನಂಬಿಕೆ ಮೋಸ ಮಾಡುತ್ತದೆ. ಈ ಜೀವಿ ಮೀನಿನ ಚರ್ಮದಡಿಯಲ್ಲಿ ಮೇಯುವಾಗ ಔಷಧಿ ಅದನ್ನು ಮುಟ್ಟುವುದಿಲ್ಲ. ಬೆಳೆದ ಮೇಲೆ ಅದು ಕಳಚಿ ತಳಕ್ಕೆ ಬೀಳುತ್ತದೆ, ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಮೀನನ್ನು ಅರಸಿ ಈಜುವ ಅಲ್ಪಕಾಲದಲ್ಲಿ ಮಾತ್ರ ಔಷಧಿಗೆ ಸಿಗುತ್ತವೆ. ನೀರು 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಈ ಇಡೀ ಚಕ್ರ ಒಂದು ವಾರದೊಳಗೆ ಮುಗಿಯುತ್ತದೆ. ಮೊದಲ ಸಲ ಔಷಧಿ ಹಾಕಿದ ಮೇಲೆ ಚುಕ್ಕೆಗಳು ಮಾಯವಾದವೆಂದು ಹಿಗ್ಗಿದವರು ವಾರದ ನಂತರ ಮೊದಲಿಗಿಂತ ಹೆಚ್ಚು ಚುಕ್ಕೆಗಳನ್ನು ಕಾಣುವುದು ಇದರಿಂದಲೇ. ಲೋಚ್ ಮೀನುಗಳ ಹುರುಪೆಗಳು ಚರ್ಮದಲ್ಲಿ ಹುದುಗಿದ ಅತಿ ಸಣ್ಣವು. ಮ್ಯಾಲಕೈಟ್ ಗ್ರೀನ್, ತಾಮ್ರದ ಲವಣ ಮುಂತಾದವು ಬೇರೆ ಮೀನಿಗೆ ಸಹ್ಯವಾದ ಪ್ರಮಾಣದಲ್ಲೇ ಇವುಗಳನ್ನು ಕೊಲ್ಲಬಲ್ಲವು. ತುಂಗೆಯ ಮೀನಿಗೆ ತುರಿಕೆಗಿಂತ ಮದ್ದೇ ಮೃತ್ಯುವಾಗುವುದು ಹೀಗೆ.

ಪರೀಕ್ಷೆ ಮಾಡುತ್ತ ಕುಳಿತರೆ ಮೀನು ಸತ್ತುಹೋಗುತ್ತದೆ ಎಂಬುದು ಬಾಟಲಿಪರರ ವಾದ. ಅಮೋನಿಯಾ ಪರೀಕ್ಷೆಗೆ ಕೆಲವು ನಿಮಿಷ ಸಾಕು. ಒಂದು ದಿನ ತೆರೆದಿಟ್ಟು ಕ್ಲೋರಿನ್ ಆರಿಸಿದ, ಅದೇ ಉಷ್ಣತೆಯ ನೀರಿನಿಂದ ತೊಟ್ಟಿಯ ಮೂರನೆಯ ಒಂದು ಭಾಗವನ್ನು ಬದಲಿಸುವುದು ನೀರು ಕೆಟ್ಟಿದ್ದರೂ ಒಳ್ಳೆಯದು, ಹುಳುವಿದ್ದರೂ ಕೆಟ್ಟದ್ದಲ್ಲ. ಚುಕ್ಕೆ ಸ್ಪಷ್ಟವಾಗಿ ಕಂಡ ಮೇಲೆ ತಡಮಾಡಬೇಕೆಂದು ಯಾರೂ ಹೇಳುತ್ತಿಲ್ಲ. ಕಾಣದೆಯೇ ಸುರಿಯಬಾರದು, ಅಷ್ಟೆ. ಅಗ್ಗದ ಮೀನಿಗೆ ಇಷ್ಟೆಲ್ಲ ಏಕೆ ಎಂಬುದು ಇನ್ನೊಂದು ವಾದ. ಇದು ಹೆಚ್ಚು ನಿರ್ದಯವಾದದ್ದು. ಸತ್ತ ಮೀನಿನ ಜಾಗಕ್ಕೆ ಇನ್ನೊಂದು ಮೀನು ಬರುತ್ತದೆ. ಅದು ಹೊಳೆಯಲ್ಲಿ ಹಿಡಿಯುವ ಜಾತಿಯಾದರೆ, ನಗರದ ತೊಟ್ಟಿಯ ಪ್ರತಿ ಸಾವೂ ಹೊಳೆಗೆ ಮತ್ತೊಮ್ಮೆ ಬಲೆ ಬೀಸಲು ಬಂದ ಆದೇಶವೇ ಸರಿ. ರಾಜೀವ್ ರಾಘವನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2005ರಿಂದ 2012ರವರೆಗೆ ಅಪಾಯದಂಚಿನ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಭಾರತದಿಂದ ರಫ್ತಾದವು. ಅವುಗಳಲ್ಲಿ ದೊಡ್ಡ ಪಾಲು ಪಡೆದ ಮೂರು ಬಗೆಗಳಲ್ಲಿ ಈ ಪಟ್ಟೆಯ ಲೋಚ್ ಕೂಡ ಒಂದು.

ಸಾಯದೆ ಉಳಿದ ರೋಗಿಮೀನಿನ ಕಥೆ ಇನ್ನೂ ಅಪಾಯಕಾರಿ. ಬೇಸತ್ತ ಮನೆಯವರು ಪುಣ್ಯಕಾರ್ಯವೆಂದು ಭಾವಿಸಿ ಅದನ್ನು ಹತ್ತಿರದ ಕೆರೆಗೆ ಬಿಡುತ್ತಾರೆ. ಲಂಗರು ಹುಳು ಖಂಡಖಂಡಗಳಿಗೆ ಹರಡಿದ್ದು ಗೋಲ್ಡ್ ಫಿಶ್, ಕಾರ್ಪ್ ಮೀನುಗಳ ಮೈಗೆ ಅಂಟಿಕೊಂಡೇ. 2015ರಲ್ಲಿ ಜಿಲ್ಲಾಡಳಿತವು ಸಾರಕ್ಕಿ ಕೆರೆಯ ಒತ್ತುವರಿಯನ್ನು ತೆರವುಗೊಳಿಸಿತು. ಹಾಗೆ ಉಳಿಸಿಕೊಂಡ ಕೆರೆಗೆ ತೊಟ್ಟಿಯ ರೋಗವನ್ನು ಸುರಿಯುವುದು ಇನ್ನೊಂದು ಬಗೆಯ ಒತ್ತುವರಿಯಲ್ಲವೇ?

ಸರ್ಕಾರದ ದಾಖಲೆ ಆಶಾದಾಯಕವಾಗಿಲ್ಲ. ಅಲಂಕಾರಿಕ ಮೀನಿನ ಅಂಗಡಿಗಳಿಗೆಂದು ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಿಯಮಗಳು ವ್ಯಾಪಾರಿಗಳ ವಿರೋಧದ ನಂತರ ಹಿಂದೆ ಸರಿದವು. ಆದರೆ ಕಾನೂನಿಗೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಬಂದ ಮೀನನ್ನು ಅಂಗಡಿ ಅಂದೇ ಮಾರದೆ ಪ್ರತ್ಯೇಕವಾಗಿಟ್ಟು ಗಮನಿಸಬೇಕು. ಮೀನು ಸಾಕಣೆಯದೋ ಹೊಳೆಯದೋ ಎಂಬುದನ್ನು ಕೊಳ್ಳುವವರಿಗೆ ಹೇಳಬೇಕು. ಕೊಂಡವರು ಹೊಸ ಮೀನನ್ನು ನಾಲ್ಕು ವಾರ ಬೇರೆಯೇ ತೊಟ್ಟಿಯಲ್ಲಿಡಬೇಕು. ಅದಕ್ಕೆ ಒಂದು ಪ್ಲಾಸ್ಟಿಕ್ ಟಬ್ಬು, ಒಂದು ಸ್ಪಂಜಿನ ಸೋಸುಕ, ಪ್ರತ್ಯೇಕವಾದೊಂದು ಬಲೆ ಸಾಕು. ಸೂಕ್ಷ್ಮದರ್ಶಕವಿರುವ ಕಾಲೇಜುಗಳ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು ಮೀನಿನ ಲೋಳೆಯನ್ನು ಗಾಜುಪಟ್ಟಿಯ ಮೇಲೆ ನೋಡಿ ಹೇಳುವುದನ್ನು ಕಲಿತರೆ ಅದು ಪಠ್ಯವೂ ಹೌದು, ಸೇವೆಯೂ ಹೌದು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜೇ ಇರುವ ನಾಡಿನಲ್ಲಿ ಈ ವಿದ್ಯೆ ದೂರದ್ದಲ್ಲ.

ಮಲೆನಾಡಿನವರ ಪಾಲಿನ ಕೆಲಸ ಹೊಳೆಯ ದಡದಲ್ಲೇ ಇದೆ. ಶೃಂಗೇರಿಯಲ್ಲಿಯೂ ತೀರ್ಥಹಳ್ಳಿ ಸಮೀಪದ ಛಿಬ್ಬಲಗುಡ್ಡೆಯಲ್ಲಿಯೂ ದೇವರ ಹೆಸರಿನಲ್ಲಿ ದೊಡ್ಡ ಮೀನುಗಳನ್ನು ಕಾದ ನಾಡಿದು. ಆ ರಕ್ಷಣೆ ಕಲ್ಲಿನ ಸಂದಿಯಲ್ಲಿ ಬದುಕುವ, ಊಟಕ್ಕೆ ಬಾರದ, ಬೆರಳುದ್ದದ ಮೀನಿಗೂ ದೊರೆಯಬೇಕು. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೊಟ್ಟಿದೆ. ಊರಿನ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಈ ಮೀನುಗಳ ಹೆಸರಿದೆಯೇ, ಇಲ್ಲದಿದ್ದರೆ ಏಕಿಲ್ಲ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕು. ಬಲೆ ಹಿಡಿದು ಬರುವ ಹೊರಗಿನವರು ಯಾವ ಮೀನನ್ನು, ಎಷ್ಟನ್ನು, ಯಾರ ಅನುಮತಿಯಿಂದ ಒಯ್ಯುತ್ತಾರೆ ಎಂಬುದನ್ನು ಬರೆದಿಡಬೇಕು. ಜರಗನಹಳ್ಳಿಯ ತೊಟ್ಟಿಯಲ್ಲಿ ಆ ಮೀನು ಮೈ ಉಜ್ಜುವ ಹೊತ್ತಿಗೆ ಹೊಳೆಯ ಕಡೆಯಿಂದ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.