ಬರೇ ಮಾತಿಗೆ ಬೆಲೆ ಬಂದ ಕಥೆ

ರ‍್ಯಾಪ್ ಇಂದಿನ ಹುಡುಗರಿಗೆ ಹೊಸದಲ್ಲ. ಮೊಬೈಲಿನಲ್ಲಿ ಕನ್ನಡದ್ದೂ ಬರುತ್ತದೆ, ಮರಾಠಿಯದ್ದೂ ಬರುತ್ತದೆ. ನಮ್ಮ ವಯಸ್ಸಿನವರು ಮಾತ್ರ ‘ಇದೇನ್ ಹಾಡೇನ್ರಿ, ಬರೇ ಮಾತು’ ಅಂತ ಮೂಗು ಮುರಿಯುತ್ತಾರೆ. ಬರೇ ಮಾತು ಅನ್ನುವುದು ಖರೆ. ಆದರೆ ಆ ಬರೇ ಮಾತಿಗೆ ಪೇಟೆಯಲ್ಲಿ ಬೆಲೆ ಬಂದದ್ದು ಹೇಗೆ, ಬೆಲೆ ಬಂದ ಮೇಲೂ ಮಾರುವವರು ಹೇಗೆ ಹಿಂದೆಮುಂದೆ ನೋಡಿದರು ಎಂಬುದನ್ನು ಎರಡು ಭಾಷೆಯಲ್ಲಿ ವ್ಯವಹಾರ ಮಾಡುವ ನಾವು ತಿಳಿಯಬೇಕು. ಅದಕ್ಕೆ 1980ರಲ್ಲಿ ಅಮೆರಿಕದಲ್ಲಿ ಬಂದ ಕರ್ಟಿಸ್ ಬ್ಲೋ ಎಂಬ ಗಾಯಕನ ಮೊದಲ ಆಲ್ಬಮ್ಮೇ ಒಳ್ಳೆಯ ಉದಾಹರಣೆ.

ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಜಮೈಕಾದಿಂದ ವಲಸೆ ಬಂದ ಮನೆತನದ ಕೂಲ್ ಹರ್ಕ್ ಎಂಬ ಹುಡುಗ 1973ರಿಂದ ಓಣಿಯ ಪಾರ್ಟಿಗಳಲ್ಲಿ ರೆಕಾರ್ಡು ಹಾಕುತ್ತಿದ್ದ. ಹಾಡಿನ ನಡುವೆ ಬರೀ ಡ್ರಮ್ ಬಾರಿಸುವ ತುಣುಕು ಬರುತ್ತದಲ್ಲ, ಅದನ್ನು ಮತ್ತೆ ಮತ್ತೆ ಹಾಕಿ ಉದ್ದ ಮಾಡುವುದು ಆತನ ಹಿಕಮತ್ತು. ಆ ಬಡಿತದ ಮೇಲೆ ಹುಡುಗರು ಪ್ರಾಸ ಕಟ್ಟಿ ಮಾತಾಡತೊಡಗಿದರು. ಅದು ಕಪ್ಪು ಜನರ ಓಣಿಯ ಆಡುಮಾತು. ಶಾಲೆಯ ಮಾಸ್ತರರ ಲೆಕ್ಕದಲ್ಲಿ ತಪ್ಪು ಇಂಗ್ಲಿಷು.

ಕರ್ಟಿಸ್ ಬ್ಲೋ ಅದೇ ಊರಿನ ಹಾರ್ಲೆಂನವನು, ಹುಟ್ಟಿದ್ದು 1959ರಲ್ಲಿ. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ತಂಡದ ರ‍್ಯಾಪ್ ರೆಕಾರ್ಡು ಜೋರಾಗಿ ಓಡಿತ್ತು. ಅದೇ ವರ್ಷ ‘ಬಿಲ್‌ಬೋರ್ಡ್’ ಎಂಬ ಸಂಗೀತ ವ್ಯಾಪಾರದ ಪತ್ರಿಕೆಯಲ್ಲಿ ಕೆಲಸ ಮಾಡಿದ್ದ ರಾಬರ್ಟ್ ಫೋರ್ಡ್ ಮತ್ತು ಜೆ.ಬಿ. ಮೂರ್ ಸೇರಿ ಕರ್ಟಿಸ್‌ನಿಂದ ಕ್ರಿಸ್‌ಮಸ್ ಮೇಲೊಂದು ರ‍್ಯಾಪ್ ಮಾಡಿಸಿದರು. ಹಬ್ಬದ ಸರಕು ವರ್ಷ ವರ್ಷ ತಿರುಗಿ ಮಾರುತ್ತದೆ ಎಂಬ ವ್ಯಾಪಾರಿ ಬುದ್ಧಿ ಅದು. ಮರ್ಕ್ಯುರಿ ಎಂಬ ದೊಡ್ಡ ಕಂಪನಿ ಅದನ್ನು ತೆಗೆದುಕೊಂಡಿತು. ಕರಾರು ಮಾತ್ರ ಹಂತ ಹಂತದ್ದು: ಒಂದು ರೆಕಾರ್ಡು ಓಡಿದರೆ ಎರಡನೆಯದು, ಅದೂ ಓಡಿದರೆ ಪೂರ್ತಿ ಆಲ್ಬಮ್. ನಾವು ಚೀಲದಿಂದ ಹಿಡಿ ಕಾಳು ತೆಗೆದು ನೋಡಿ ಆಮೇಲೆ ಲಾರಿಗೆ ಮಾತಾಡುವುದಿಲ್ಲವೇ, ಹಾಗೆ.

ಎರಡನೆಯ ರೆಕಾರ್ಡು ‘ದಿ ಬ್ರೇಕ್ಸ್’. ಅದು 1980ರಲ್ಲಿ ಐದು ಲಕ್ಷ ಪ್ರತಿ ದಾಟಿ ಚಿನ್ನದ ರೆಕಾರ್ಡು ಎನಿಸಿತು. ರ‍್ಯಾಪಿಗೆ ಆ ಮಾನ ಅದೇ ಮೊದಲು. ಹೆಸರಲ್ಲೇ ಶ್ಲೇಷೆ ಇದೆ: ‘ಬ್ರೇಕ್’ ಅಂದರೆ ಡ್ರಮ್ಮಿನ ತುಣುಕೂ ಹೌದು, ಹಣೆಬರಹದ ಪೆಟ್ಟೂ ಹೌದು, ಮುರಿಯುವುದೂ ಹೌದು. ತೆರಿಗೆಯವರು ಕರೆಯುವುದು, ಫೋನ್ ಬಿಲ್ಲು ಏರುವುದು, ಹೆಂಗಸು ಬಿಟ್ಟುಹೋಗುವುದು, ಹೀಗೆ ಸಂಸಾರಸ್ಥನ ಕಷ್ಟಗಳನ್ನೆಲ್ಲ ಆತ ನಗುತ್ತ ಹೇಳುತ್ತಾನೆ, ಹಿಂದೆ ಜನ ದನಿಗೂಡಿಸುತ್ತಾರೆ. ಗೀಗೀ ಪದದ ಹಿಮ್ಮೇಳ ಕೇಳಿದವರಿಗೆ ಈ ರೀತಿ ಪರಕೀಯ ಅನಿಸಲಾರದು.

ಆಮೇಲೆ ಬಂತು ಆಲ್ಬಮ್, ದೊಡ್ಡ ಕಂಪನಿಯೊಂದು ತಂದ ಮೊದಲ ರ‍್ಯಾಪ್ ಆಲ್ಬಮ್. ಒಳಗೆ ಏಳು ಹಾಡು. ಇಲ್ಲೇ ನನ್ನ ತಕರಾರು. ಮಾತಿನ ಬಲದಿಂದಲೇ ಬಾಗಿಲು ತೆರೆದಿತ್ತು. ಆದರೂ ಅದರ ಪಕ್ಕದಲ್ಲಿ ರಾಗ ಎಳೆಯುವ ಒಂದು ಪ್ರೇಮಗೀತೆ ಇಟ್ಟರು, ಕೆನಡಾದ ರಾಕ್ ತಂಡವೊಂದರ ಹಳೆಯ ಹಾಡನ್ನೂ ತಂದು ತುಂಬಿದರು. ರ‍್ಯಾಪ್ ಒಪ್ಪದ ಗಿರಾಕಿಗೂ ಏನಾದರೂ ಇರಲಿ ಅಂದಿರಬೇಕು. ಮಾರುವವರ ಪರವಾಗಿಯೂ ಮಾತಿದೆ. ಹೊಸ ಸರಕು, ಇಪ್ಪತ್ತೊಂದರ ಹುಡುಗ, ಹಾಕಿದ ದುಡ್ಡು ಮುಳುಗಬಾರದು. ಹೊಸ ಬೀಜ ತಂದ ರೈತನೂ ಹೊಲವನ್ನೆಲ್ಲ ಅದಕ್ಕೇ ಬಿಡುವುದಿಲ್ಲ.

ಆದರೆ ಫಸಲು ಯಾವುದರಿಂದ ಬಂತು? ಇಂದು ಆ ಪ್ರೇಮಗೀತೆಯನ್ನು ನೆನೆಯುವವರು ಕಡಿಮೆ. ಅದೇ ಆಲ್ಬಮ್ಮಿನ ‘ಹಾರ್ಡ್ ಟೈಮ್ಸ್’ ಎಂಬ, ಕಷ್ಟದ ದಿನಗಳ ರ‍್ಯಾಪನ್ನು ರನ್-ಡಿ.ಎಂ.ಸಿ. ತಂಡದವರು ಎತ್ತಿಕೊಂಡರು. ಅವರಲ್ಲಿ ರನ್ ಎಂಬಾತ ಹುಡುಗನಾಗಿದ್ದಾಗ ‘ಕರ್ಟಿಸ್ ಬ್ಲೋನ ಮಗ’ ಎಂಬ ಹೆಸರಲ್ಲಿ ಕಾರ್ಯಕ್ರಮ ಕೊಡುತ್ತಿದ್ದವನು. ಅಲಂಕಾರ ತೆಗೆದು ಯಂತ್ರದ ಡ್ರಮ್ಮು, ಬಿರುಸಾದ ದನಿ ಇಷ್ಟನ್ನೇ ಮುಂದಿಟ್ಟರು. 1984ರ ಅವರ ಮೊದಲ ಆಲ್ಬಮ್ ಚಿನ್ನದ ಮಾನ ಪಡೆದ ಮೊದಲ ರ‍್ಯಾಪ್ ಆಲ್ಬಮ್ ಆಯಿತು. ಗುರು ಅರ್ಧ ನಡೆದ ದಾರಿಯನ್ನು ಶಿಷ್ಯರು ಪೂರ್ತಿ ನಡೆದರು.

ಇದನ್ನು ಗಡಿಯ ಓದುಗರಿಗೆ ಹೇಳಲು ಕಾರಣ ಇದೆ. ನಾನು ಸೊಲ್ಲಾಪುರ ಸೀಮೆಯವನು. ‘ಇವತ್ತ ಭಾವ ಏನ್ ನಡದೈತ್ರಿ?’ ಅಂತ ಕೇಳುವ ನಮ್ಮ ಕನ್ನಡದಲ್ಲಿ ಮರಾಠಿ ಕಲೆತಿದೆ. ಆದೋನಿ, ರಾಯದುರ್ಗದ ಕಡೆ ತೆಲುಗು ಕಲೆತಿದೆ, ಕಾಸರಗೋಡಿನಲ್ಲಿ ತುಳು, ಮಲಯಾಳ. ಆ ಮಾತಿನಲ್ಲೇ ಲಕ್ಷಾಂತರದ ವ್ಯವಹಾರ ಕುದುರುತ್ತದೆ. ಆದರೆ ನಮ್ಮ ಹುಡುಗ ಮೈಕು ಹಿಡಿದರೆ ಬೆಂಗಳೂರಿನ ಸಿನಿಮಾ ಕನ್ನಡಕ್ಕೆ ಹೋಗುತ್ತಾನೆ, ಇಲ್ಲವೇ ಕನ್ನಡವನ್ನೇ ಬಿಡುತ್ತಾನೆ. ಮನೆಯ ಮಾತು ಮನೆಯಲ್ಲೇ ಇರಲಿ ಅಂತ ಕಲಿಸಿದವರು ನಾವೇ ಅಲ್ಲವೇ? ಶಾಲೆಯಲ್ಲಿ ಶಿಷ್ಟ ಕನ್ನಡ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಬಾಯಿಮಾತಿಗೆ ನಾಚಬೇಕಾಗಿಲ್ಲ.

ಜಾತ್ರೆಗೆ ವರ್ಗಣಿ ಕೊಡುವವರು ರೈತರು, ವ್ಯಾಪಾರಿಗಳು, ಅಂದರೆ ನಾವೇ. ಆ ದುಡ್ಡಿನಲ್ಲಿ ಸಿನಿಮಾ ಹಾಡಿನ ಆರ್ಕೆಸ್ಟ್ರಾ ತರಿಸುತ್ತೇವೆ. ತರಿಸಲಿ. ಅದರೊಳಗೆ ಒಂದು ತಾಸು ಊರಿನ ಹುಡುಗ ಹುಡುಗಿಯರಿಗೆ ಬಿಡಬೇಕು. ಗೀಗೀ ಪದವೋ ರ‍್ಯಾಪೋ ಅವರಿಷ್ಟ, ಮಾತು ಮಾತ್ರ ಊರಿನದಿರಬೇಕು. ಮುಂದಿನ ಜಾತ್ರೆಯ ಸಭೆಯಲ್ಲಿ ಯಾರಾದರೂ ಈ ಮಾತು ಎತ್ತಿ ನೋಡ್ರಿ.