ಪೌಲ ಎರಡನ್ನೂ ಕಲಿತಿದ್ದ

ನಮ್ಮ ಧಾರವಾಡ ಕಡೆ ಕ್ರಿಸ್ತೀಯರ ಮನಿಯೊಳಗ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದ 13ನೇ ವಚನ ಗ್ವಾಡಿ ಮ್ಯಾಲ ತೂಗಿರತೈತಿ. ದೇವರು ಬಲ ಕೊಡತಾನ ಅನ್ನೋ ವಚನ. ಅದರ ಹಿಂದಿನ ಎರಡನ್ನ ಮಾತ್ರ ಯಾರೂ ಫ್ರೇಮ್ ಹಾಕಿಸಂಗಿಲ್ಲ. ಸೆರಿಮನಿಯಿಂದ ಬರೆದ ಪೌಲ ಅಲ್ಲಿ, ಹಸದಾಗ ಇರೂದನ್ನೂ ಕಲತೀನಿ, ಹೊಟ್ಟಿ ತುಂಬಿದಾಗ ಇರೂದನ್ನೂ ಕಲತೀನಿ ಅಂತಾನ. ತುಂಬಿದ ಮ್ಯಾಲ ಕಲಿಯೂದೇನೈತಿ ಅಂತ ನನಗ ಭಾಳ ವರ್ಷ ತಿಳೀಲಿಲ್ಲ.

ನಮ್ಮನಿಯವರಿಗೆ ಕೆಲಸ ಇಲ್ಲದ ಎರಡು ವರ್ಷ ಹಿಟ್ಟು ಅಳದು ರೊಟ್ಟಿ ಬಡೀತಿದ್ದೆ. ಚರ್ಚಿನ ಸುಗ್ಗಿ ಹಬ್ಬಕ್ಕ ಒಯ್ಯಾಕ ಹಿತ್ತಲದ ಕರಿಬೇವು ಬಿಟ್ರ ಏನೂ ಇರಲಿಲ್ಲ. ಆ ಒಂದು ಕಟ್ಟನ್ನ ಹರಾಜಿನ್ಯಾಗ ಯಾರೋ ಹತ್ತು ರೂಪಾಯಿಗೆ ತಗೊಂಡಾಗ ಖುಷಿಯಿಂದ ಕಣ್ಣಾಗ ನೀರು ಬಂತು. ರಾತ್ರಿ ರೊಟ್ಟಿ, ಶೇಂಗಾ ಚಟ್ನಿ ಉಂಡು ಪ್ರಾರ್ಥನಿ ಮಾಡಿದ್ರ ನಿದ್ದಿ ಬರತಿತ್ತು.

ಈಗ ಮಗ ದುಡೀತಾನ. ಹ್ವಾದ ವರ್ಷ ಅದೇ ಹರಾಜಿನ್ಯಾಗ ಒಂದು ಕುಂಬಳಕಾಯಿಗೆ ನಾ ಕೂಗಿದೆ, ಇನ್ನೊಬ್ಬಾಕಿ ನನಗಿಂತ ಹೆಚ್ಚು ಕೂಗಿ ಒಯ್ದಳು. ಸಂಜೀತನಾ ನನಗ ಸಿಟ್ಟು! ನಮ್ಮನ್ಯಾಗ ಕುಂಬಳಕಾಯಿ ಯಾರೂ ತಿನ್ನಂಗಿಲ್ಲ, ಅದು ಬ್ಯಾರೆ ಮಾತು.

ಅದಕ್ಕಿಂತ ದೊಡ್ಡ ತಪ್ಪು ಆಮ್ಯಾಲ ಮಾಡಿದೆ. ನಾದಿನಿ ಗಂಡನ ಅಂಗಡಿ ಮುಚ್ಚಿತ್ತು. ಅಕಿ ಅಳಕೋತ ಬಂದಾಗ, ಹೊಸ ಸೋಫಾದ ಮ್ಯಾಲ ಕುಂತು ನಾ, "ಇದ್ದದ್ರಾಗ ತೃಪ್ತಿ ಇರಬೇಕವ್ವಾ, ಪೌಲ ಹೇಳ್ಯಾನ" ಅಂದೆ. "ಹೌದ್ರಿ ವೈನಿ" ಅಂತ ಚಹಾ ಮುಗಿಸಿ ಎದ್ದು ಹೋದಳು. ಆರು ತಿಂಗಳು ನಮ್ಮನಿ ಕಡೆ ಹಾಯಲಿಲ್ಲ.

ಆ ಅಧ್ಯಾಯ ಮತ್ತ ತಗದು ಓದಿದೆ. ಅಲ್ಲಿ ಪೌಲ ತೃಪ್ತಿಯ ಮಾತು ತನ್ನ ಬಗ್ಗೆ ಹೇಳ್ಕೊಂಡಾನ. ಮುಂದ 14ನೇ ವಚನದಾಗ, ನನ್ನ ಕಷ್ಟದಾಗ ನೀವು ಪಾಲು ತಗೊಂಡಿದ್ದು ಚಲೋ ಆತು ಅಂತಾನ. ಫಿಲಿಪ್ಪಿಯವರು ಎಪಫ್ರೊದೀತನ ಕೈಯಾಗ ಅವನಿಗೆ ಬೇಕಾದ್ದು ಕಳಿಸಿದ್ರು. ಆ ಕೆಲಸದಾಗ ಎಪಫ್ರೊದೀತ ಜಡ್ಡು ಬಿದ್ದು ಸಾಯೂವಂಗ ಆಗಿದ್ದ. ತೃಪ್ತಿಯಿಂದ ಇರ್ರಿ ಅಂತ ಫಿಲಿಪ್ಪಿಯವರು ಪೌಲಗ ಹೇಳಿ ಕಳಿಸಿದ್ದು ಎಲ್ಲೂ ಇಲ್ಲ.

ಹಂಗಾಗಿ ನನಗನ್ನಸತೈತಿ, ಉಂಡವರು ಹಸದವರಿಗೆ ತೃಪ್ತಿ ಬೋಧಿಸಬಾರದು. ನಮಗ ಕಲಿಯೂದಿರೂದು "ನನಗಿಷ್ಟು ಸಾಕು" ಅಂತ ಉಳದದ್ದಕ್ಕ ಕೈ ಬಿಚ್ಚೂದು. ಹಸಿವಿಗಿಂತ ಇದು ಬಿರಿ ಪಾಠ. ಹಸಿವಿನ್ಯಾಗ ದೇವರು ತಾನಾಗೇ ನೆಪ್ಪಾಗತಾನ.

ಕಳದ ಶನಿವಾರ ಅರ್ಧ ಚೀಲ ಜ್ವಾಳ, ಎಣ್ಣಿ ತಗೊಂಡು ಹೋದೆ. ನಾದಿನಿ ಬಾಗಲಾ ತಗದು ಚೀಲ ನೋಡಿದಳು, ನನ್ನ ಮಾರಿ ನೋಡಿದಳು. "ವಚನ ಏನರೆ ತಂದೀರೇನ್ರಿ ವೈನಿ?"

ಇಲ್ಲವ್ವಾ ಅಂದೆ. ಒಳಗ ಕರದು ಚಹಾಕ್ಕ ಇಟ್ಟಳು. ಸಕ್ಕರಿ ಕಡಿಮಿ ಇತ್ತು, ಎರಡು ಕಪ್ ಕುಡದೆ.